ಏಳನೇ ಕಲ್ಲು ಯಾರದು?

ಏಳನೇ ನಂಬರಿನ ಕಲ್ಲನ್ನು ಕೈಗೆತ್ತಿಕೊಂಡ ನಿರ್ಣಾಯಕಿ ಸಂಘಮಿತ್ರಾಳಿಗೆ ಅದನ್ನು ಮತ್ತೆ ಮೇಜಿನ ಮೇಲಿಡಲು ಆಗಲಿಲ್ಲ.

ಅಂಗೈ ತುಂಬುವಷ್ಟು ದೊಡ್ಡ ಚಕಮಕಿ ಕಲ್ಲು. ಹೊರಗೆ ಒರಟು ಕಂದು ಸಿಪ್ಪೆ, ಒಡೆದ ಮುಖದಲ್ಲಿ ಜೇನುತುಪ್ಪದ ಬಣ್ಣ. ಆ ಮುಖದ ನಡುವೆ, ಈಗಷ್ಟೇ ತೆವಳಿ ಬಂದು ನಿಂತಂತೆ, ಒಂದು ಬಸವನಹುಳು. ಕೋಟ್ಯಂತರ ವರ್ಷಗಳ ಹಿಂದೆ ಯಾವುದೋ ಕೆರೆಯ ಕೆಸರಿನಲ್ಲಿ ಹೂತು ಕಲ್ಲಾದದ್ದು. ಸುರುಳಿ ತುದಿಯವರೆಗೂ ಮುಕ್ಕಾಗಿರಲಿಲ್ಲ. ಚಿಪ್ಪಿನ ಬಾಯಿ ಎಡಕ್ಕೆ ತೆರೆದಿತ್ತು. ಬಾಯಂಚಿನಲ್ಲಿ ಮಾತ್ರ ಒಂದು ಸಣ್ಣ ಕಚ್ಚು.

ಆ ಕಚ್ಚು ಅವಳಿಗೆ ಗೊತ್ತಿತ್ತು. ಕಣ್ಣು ಮುಚ್ಚಿದರೂ ಅದು ಎಲ್ಲಿದೆಯೆಂದು ಬೆರಳಿಟ್ಟು ತೋರಿಸಬಲ್ಲವಳಾಗಿದ್ದಳು.

ಯಾಕೆಂದರೆ ಅವಳ ಕಾಲ ಬಳಿಯ ಚೀಲದಲ್ಲಿ, ಟವೆಲ್ಲಿನಲ್ಲಿ ಸುತ್ತಿದ ಇನ್ನೊಂದು ಹೋಳು ಇತ್ತು. ಅದರಲ್ಲಿ ಹುಳು ಇರಲಿಲ್ಲ, ಹುಳುವಿನ ಅಚ್ಚು ಇತ್ತು. ಅದೇ ಸುರುಳಿ, ಅದೇ ಕಚ್ಚು. ಕಲ್ಲಾದ ಜೀವಿಗಳನ್ನು ಹುಡುಕುವವರ ಈ ಬಳಗ ಕಟ್ಟಿದ ಬಸವಂತ್ರಾಯರು ಗೋಗಿ ಕಡೆಯ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಹಾಳು ಖಣಿಯ ನೀರಿನಲ್ಲಿ ಹೆಣವಾಗಿ ಸಿಕ್ಕಾಗ, ಅವರ ಹೆಗಲಚೀಲದಲ್ಲಿದ್ದ ಹೋಳು ಅದು.

“ಏನಾತಕ್ಕ? ಬೆವರಾಕತ್ತೀರಿ,” ಎಂದು ಪಿಸುಗುಟ್ಟಿದಳು ಪಕ್ಕದಲ್ಲಿ ಕುಳಿತು ಅಂಕ ಬರೆದುಕೊಳ್ಳುತ್ತಿದ್ದ ಶಿವರಂಜನಿ.

ಸುರಪುರದಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿದ್ದ ಶಿವರಂಜನಿ, ಸಂಘಮಿತ್ರಾಳಿಗಿಂತ ಆರೇಳು ವರ್ಷ ಚಿಕ್ಕವಳು. ಚೀಲದಲ್ಲಿದ್ದ ಹೋಳಿನ ಸಂಗತಿ ಗೊತ್ತಿದ್ದದ್ದು ಅವಳೊಬ್ಬಳಿಗೇ.

ಸಂಘಮಿತ್ರಾ ಕಲ್ಲನ್ನು ಅವಳ ಕಡೆ ಸ್ವಲ್ಪ ತಿರುಗಿಸಿದಳು. ಶಿವರಂಜನಿಯ ಪೆನ್ನು ನಿಂತಿತು.

“ಇದು... ಬಸವಂತ್ರಾಯ ಕಾಕಾರದು?”

“ಮೆಲ್ಲಗ.”

“ಯಾರು ಇಟ್ಟಾರ?”

ಅದೇ ಪ್ರಶ್ನೆ. ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಈ ವರ್ಷದ ಕಲ್ಲುಗಳು ಸಾಲಾಗಿದ್ದವು. ಯಾವುದಕ್ಕೂ ಹೆಸರಿಲ್ಲ, ನಂಬರು ಮಾತ್ರ. ಬಸವಂತ್ರಾಯರೇ ಮಾಡಿದ ನಿಯಮವದು. ಮುಂಜಾನೆ ಸಭಾಂಗಣದ ಬಾಗಿಲು ತೆಗೆದಾಗ ಒಬ್ಬೊಬ್ಬರಾಗಿ ಒಳಗೆ ಹೋಗಿ ತಮ್ಮ ಕಲ್ಲಿಟ್ಟು ಹೊರಗೆ ಬರಬೇಕು. ಯಾರ ಕಲ್ಲು ಯಾವುದೆಂದು ನಿರ್ಣಾಯಕರಿಗೆ ತಿಳಿಯಬಾರದು. ತೀರ್ಪು ಹೇಳಿದ ಮೇಲೆ ಗೆದ್ದವರು ಎದ್ದು ನಿಂತು, ಕಲ್ಲು ಎಲ್ಲಿ ಸಿಕ್ಕಿತು, ಹೇಗೆ ಸಿಕ್ಕಿತು ಎಂದು ಎಲ್ಲರೆದುರು ಹೇಳಬೇಕು.

ಶಹಾಪುರದ ಆ ಶಾಲೆಯ ಸಭಾಂಗಣ ಗದ್ದಲದಲ್ಲಿ ಮುಳುಗಿತ್ತು. ಕಿಟಕಿಯಾಚೆ ಬುದ್ಧ ಮಲಗಿದಂಥ ಗುಡ್ಡದ ಸಾಲು ಬಿಸಿಲಿಗೆ ಬಿಳಿಚಿಕೊಂಡಿತ್ತು. ಒಳಗೆ, ಫೋಟೊ ಸ್ಟುಡಿಯೋದ ತೌಹೀದ ಪ್ರತಿ ಕಲ್ಲಿನ ಪಕ್ಕ ಒಂದು ರೂಪಾಯಿ ನಾಣ್ಯವಿಟ್ಟು ಫೋಟೊ ತೆಗೆಯುತ್ತಿದ್ದ.

“ಮೂರನೇದು ನೋಡ್ರಿ, ಕಪ್ಪೆಚಿಪ್ಪು ಎಷ್ಟು ಸಾಫ್ ಕುಂತಾವ!” ಎಂದು ಅವನು ಕೂಗಿದರೆ, ಹತ್ತಿಕುಣಿಯ ಮರಿಲಿಂಗಪ್ಪ ಭೂತಗನ್ನಡಿ ಹಿಡಿದು ಐದನೇ ಕಲ್ಲಿನ ಮೇಲೆ ಬಗ್ಗಿದ್ದ. “ಸಾಫ್ ತಗೊಂಡು ಏನ್ ಮಾಡ್ತಿ? ಇಲ್ಲಿ ನೋಡು, ಎಳ್ಳಿನಷ್ಟ ಅದ, ಆದ್ರೂ ಚಿಪ್ಪಿನ ಎರಡೂ ಬಾಜು ಕಾಣ್ತಾವ. ಇದಕ್ಕ ಅನ್ನಬೇಕು ಕಲ್ಲು!”

ಎಲ್ಲರೂ ನಗುತ್ತಿದ್ದರು. ಇವರಲ್ಲೊಬ್ಬ ಕೊಲೆಗಾರ, ಸಂಘಮಿತ್ರಾಳಿಗೆ ಅನುಮಾನವಿರಲಿಲ್ಲ.

ಈ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಬಸವಂತ್ರಾಯರು ಗುರುಮಠಕಲ್ ಗುಡ್ಡದಿಂದ ಬಳಗದ ವಾಟ್ಸ್ಯಾಪ್ ಗುಂಪಿಗೆ ಒಂದು ಫೋಟೊ ಹಾಕಿದ್ದರು. ಅದರಲ್ಲಿ ಕಲ್ಲು ಇಡಿಯಾಗಿತ್ತು, ಬದಿಗೆ ಚಿಪ್ಪಿನ ಅಂಚು ಮಾತ್ರ ಇಣುಕುತ್ತಿತ್ತು. ‘ಹೊಟ್ಟ್ಯಾಗ ಇಡೀ ಹುಳ ಅದ. ಸಾವಕಾಶ ಒಡೀಬೇಕು’ ಎಂದು ಬರೆದಿದ್ದರು. ಮರುದಿನ ಮುಂಜಾನೆ ಹೆಣ ಸಿಕ್ಕಿತು. ಕಲ್ಲು ಒಡೆದದ್ದು ಇವೆರಡರ ನಡುವೆ. ಒಡೆದಾಗ ಜೊತೆಗಿದ್ದವನ ಕೈಯಲ್ಲಿ ಇನ್ನೊಂದು ಹೋಳು ಉಳಿದಿರಬೇಕು.

ಕಾಲು ಜಾರಿ ಬಿದ್ದಿದ್ದಾರೆ ಎಂದು ಪೊಲೀಸರು ಕೇಸು ಮುಗಿಸಿಬಿಟ್ಟರು. ಆದರೆ ಫರ್ಸಿ ಕಲ್ಲು ಹುಟ್ಟಿದ ಕಾಲಕ್ಕೆ ಈ ಭೂಮಿಯ ಮೇಲೆ ಬಸವನಹುಳುವೇ ಹುಟ್ಟಿರಲಿಲ್ಲ. ಆ ಖಣಿಯಲ್ಲಿ ಎಷ್ಟು ಅಗೆದರೂ ಒಂದು ಚಿಪ್ಪು ಸಿಗದು. ಕಾಲುವೆ ಇಲಾಖೆಯ ಓವರ್‌ಸಿಯರಾಗಿ ಜೀವಮಾನವಿಡೀ ಈ ಸೀಮೆಯ ನೆಲ ಅಗೆಸಿದ ಬಸವಂತ್ರಾಯರಿಗೆ ಅದು ಗೊತ್ತಿರಲಿಲ್ಲವೇ? ಅವರಿಗೆ ಅಲ್ಲೇನು ಕೆಲಸ?

“ಅಕ್ಕಾ,” ಶಿವರಂಜನಿಯ ಉಸಿರು ಕಿವಿಗೆ ತಾಗಿತು. “ಇದಕ್ಕ ಪಹಿಲಾ ನಂಬರ್ ಕೊಟ್ಟುಬಿಡ್ರಿ. ತಾನಾಗೇ ಎದ್ದು ನಿಲ್ತಾನ.”

ಸಂಘಮಿತ್ರಾಳ ಮನಸ್ಸಿನಲ್ಲೂ ಅದೇ ಇತ್ತು. ಹಾಗೆ ಮಾಡಿದರೆ ಸುಳ್ಳು ತೀರ್ಪು ಕೊಟ್ಟಂತೆಯೂ ಆಗುತ್ತಿರಲಿಲ್ಲ. ಮೇಜಿನ ಮೇಲೆ ಅದಕ್ಕೆ ಸಾಟಿಯಾದ ಇನ್ನೊಂದು ಕಲ್ಲಿರಲಿಲ್ಲ.

ಅವಳು ಸಭಾಂಗಣದ ಹಿಂಬದಿಗೆ ಕಣ್ಣು ಹಾಯಿಸಿದಳು. ಕೊನೆಯ ಬೆಂಚಿನಲ್ಲಿ ಮಾಮೂಲಿ ಅಂಗಿ ತೊಟ್ಟು ಕಾಲು ಚಾಚಿ ಕುಳಿತಿದ್ದ ಸಬ್ ಇನ್‌ಸ್ಪೆಕ್ಟರ್ ಪ್ರವೀಣಕುಮಾರ ಆಕಳಿಸುತ್ತಿದ್ದ. ‘ಒಮ್ಮೆ ಬಂದು ಕೂಡ್ರಿ ಸರ್, ನಿಮಗೇನೋ ತೋರಿಸೋದು ಅದ’ ಎಂದು ಅವಳೇ ಅಂಗಲಾಚಿ ಕರೆದಿದ್ದಳು.

ಮೊದಲ ಸಾಲಿನಲ್ಲಿ ಬಸವಂತ್ರಾಯರ ಹೆಂಡತಿ ಹಣಮಂತಮ್ಮ ಕುಳಿತಿದ್ದರು. ಬಹುಮಾನ ಕೊಡುವವರು ಅವರೇ. ಮಡಿಲಲ್ಲಿ ಮಡಿಚಿದ ಶಾಲು, ಅದರ ಮೇಲೆ ಕೂಡಿಸಿದ ಎರಡು ಕೈ. ಬಂದಾಗಿನಿಂದ ಅವರು ಸಂಘಮಿತ್ರಾಳನ್ನು ಬಿಟ್ಟು ಬೇರೆ ಕಡೆ ನೋಡಿರಲಿಲ್ಲ. ಪಾಪ, ನನ್ನ ಮೇಲೆಯೇ ಅವರ ಭರವಸೆ ಎಂದುಕೊಂಡಳು ಸಂಘಮಿತ್ರಾ.

ಅವಳು ಎದ್ದು ನಿಂತಳು. ಗದ್ದಲ ಅಡಗಿತು.

“ಈ ಸಲ ಬಹಳ ಯೋಚನಿ ಮಾಡೋ ಪ್ರಸಂಗ ಬರಲಿಲ್ಲ. ಮೊದಲನೇ ಬಹುಮಾನ ಏಳನೇ ಕಲ್ಲಿಗೆ.”

ಚಪ್ಪಾಳೆ ಬಿತ್ತು. ಯಾರೂ ಏಳಲಿಲ್ಲ.

ಚಪ್ಪಾಳೆ ಸಣ್ಣಗಾಗುತ್ತ ನಿಂತೇಹೋಯಿತು. ಒಬ್ಬರ ಮುಖ ಒಬ್ಬರು ನೋಡತೊಡಗಿದರು. “ಯಾರದ್ರಿ ಅದು? ಏಳ್ರಲಾ!” ಎಂದ ತೌಹೀದ. ಸಂಘಮಿತ್ರಾ ಒಂದೊಂದೇ ಮುಖವನ್ನು ಓದುತ್ತ ಹೋದಳು. ಮರಿಲಿಂಗಪ್ಪ ಮೀಸೆ ತೀಡುತ್ತಿದ್ದ. ತೌಹೀದ ಕ್ಯಾಮೆರಾ ಇಳಿಸಿದ.

ಆಗ ಮೂರನೇ ಸಾಲಿನಲ್ಲಿ ಕುರ್ಚಿ ಕಿರ್ರೆಂದಿತು.

“ನಂದ್ರಿ,” ಎಂದ ಸಂಗಮನಾಥ.

ಸಂಘಮಿತ್ರಾಳಿಗೆ ಮೊದಲು ಆದದ್ದು ಆಶ್ಚರ್ಯ. ಶಹಾಪುರದಲ್ಲಿ ಫರ್ಸಿ ಕಲ್ಲಿನ ದೊಡ್ಡ ವ್ಯಾಪಾರಿ ಸಂಗಮನಾಥ. ಅವನಿಗೆ ಸಿಕ್ಕ ಯಾವ ಕಲ್ಲನ್ನೂ ಅವನು ಸುಮ್ಮನೆ ಬಿಟ್ಟವನಲ್ಲ. ತನ್ನ ಕಾರ್ಖಾನೆಯ ಯಂತ್ರಕ್ಕೊಡ್ಡಿ ಕನ್ನಡಿಯಂತೆ ಹೊಳಪು ಕೊಟ್ಟೇ ತರುತ್ತಿದ್ದ. ಹೋದ ವರ್ಷ ಇದೇ ಸಭೆಯಲ್ಲಿ ಬಸವಂತ್ರಾಯರು ಅವನ ಕಲ್ಲನ್ನು ಬದಿಗಿಟ್ಟು, “ಇದನ್ನ ಕಲ್ಲು ಅನ್ನಂಗಿಲ್ಲಪ್ಪ, ಮಾರಿ ತಿಕ್ಕಿದ ಹೆಣ ಅಂತಾರ” ಎಂದಿದ್ದರು. ಸಂಗಮನಾಥ ಊಟ ಮಾಡದೆ ಎದ್ದು ಹೋಗಿದ್ದ.

ಈ ಏಳನೇ ಕಲ್ಲಿಗೆ ಮಾತ್ರ ಯಂತ್ರ ಸೋಕಿರಲಿಲ್ಲ.

“ಬರ್ರಿ, ಮುಂದ ಬರ್ರಿ,” ಎಂದಳು ಸಂಘಮಿತ್ರಾ. “ಕಲ್ಲಿನ ಕಥಿ ಹೇಳ್ರಿ. ಎಲ್ಲಿ ಸಿಕ್ಕಿತು?”

“ಗುರುಮಠಕಲ್ ಗುಡ್ಡದಾಗ್ರಿ.”

“ಯಾವಾಗ?”

“ಹ್ವಾದ ಚಳಿಗಾಲದಾಗ.”

“ಒಬ್ಬರ ಹೋಗಿದ್ರ್ಯಾ?”

“ಒಬ್ಬನ ಹೋಗಿದ್ನಿರಿ.”

“ಒಡದವರು?”

“ನಾನ. ಮತ್ಯಾರ್ ಬಂದು ಒಡೀತಾರ?” ಸಂಗಮನಾಥ ನಗಲು ನೋಡಿದ. ನಗೆ ತುಟಿಗೆ ಬಂದು ಒಣಗಿತು.

“ಹೊಳಪು ಕೊಡಲಿಲ್ಲಲ್ಲ ಈ ಸಲ?”

“ಹಾಂ... ಬಸವಂತ್ರಾಯ ಸಾಹೇಬ್ರು ಹೇಳಿದ್ರಲ್ರಿ, ಕೊಡಬ್ಯಾಡ ಅಂತ.”

“ಇನ್ನೊಂದು ಹೋಳು ಎಲ್ಲದ?”

ಅವನ ಕಣ್ಣು ಒಂದು ಗಳಿಗೆ ಅತ್ತಿತ್ತ ಓಡಿತು. “ಪುಡಿ ಆತ್ರಿ. ಅಲ್ಲೇ ಚೆಲ್ಲಿ ಬಂದೆ.”

ಸಂಘಮಿತ್ರಾ ಬಗ್ಗಿ ಚೀಲ ತೆರೆದಳು. ಟವೆಲ್ಲು ಬಿಚ್ಚಿ, ಹೋಳನ್ನು ಎಲ್ಲರಿಗೂ ಕಾಣುವಂತೆ ಎಡಗೈಯಲ್ಲಿ ಹಿಡಿದಳು. ಬಲಗೈಯಲ್ಲಿ ಏಳನೇ ಕಲ್ಲು. ಎರಡನ್ನೂ ಹತ್ತಿರ ತಂದಳು.

ಟಕ್ ಎಂಬ ಸಣ್ಣ ಸದ್ದು. ಹುಳು ತನ್ನ ಅಚ್ಚಿನೊಳಗೆ ಹೋಗಿ ಕುಳಿತಿತು. ಕೂದಲೆಳೆ ತೂರುವಷ್ಟೂ ಸಂದು ಉಳಿಯಲಿಲ್ಲ. ಫೋಟೊದಲ್ಲಿ ಎಲ್ಲರೂ ನೋಡಿದ್ದ ಇಡೀ ಕಲ್ಲು ಈಗ ಅವಳ ಕೈಯಲ್ಲಿತ್ತು.

“ಯಾ ಅಲ್ಲಾ!” ಎಂದು ಉದ್ಗರಿಸಿದ ತೌಹೀದ. “ಇದು ಸಾಹೇಬ್ರು ಆವತ್ತು ಗ್ರೂಪಿಗಿ ಹಾಕಿದ ಕಲ್ಲು!”

“ಇದು ಸಿಕ್ಕಿದ್ದು ಸಾಹೇಬರ ಚೀಲದಾಗ,” ಎಡಗೈಯ ಹೋಳನ್ನು ಎತ್ತಿ ಹೇಳಿದಳು ಸಂಘಮಿತ್ರಾ. “ಅವರ ಹೆಣದ ಜೋಡಿ. ಈಗ ಹೇಳ್ರಿ ಸಂಗಮನಾಥರ, ಹ್ವಾದ ಚಳಿಗಾಲದಾಗ ನೀವು ಒಡದ ಕಲ್ಲು, ಈ ತಿಂಗಳು ಸಾಹೇಬರಿಗೆ ಇಡಿಯಾಗಿ ಹ್ಯಾಂಗ ಸಿಕ್ತು?”

ಸಂಗಮನಾಥನ ಮುಖ ಸುಣ್ಣದಂತಾಯಿತು. “ನಾ ಅವರಿಗಿ ಕೊಂದಿಲ್ರಿ!”

“ಕೊಂದಾರ ಅಂತ ಯಾರ್ ಹೇಳಿದ್ರು?” ಹಿಂದಿನಿಂದ ಪ್ರವೀಣಕುಮಾರನ ದನಿ ಬಂತು. ಅವನ ಆಕಳಿಕೆ ಎಲ್ಲೋ ಹಾರಿಹೋಗಿತ್ತು.

“ಊರೇ ಹೇಳಾಕತ್ತದಲ್ರಿ ಸಾಹೇಬ್ರ! ನಿಮಗೊಬ್ಬರಿಗೇ ಕೇಳಿಲ್ಲ.” ಸಂಗಮನಾಥ ಹಣೆಯ ಬೆವರು ಒರೆಸಿಕೊಂಡ. “ನನಗ ಈ ಕಲ್ಲು ಸಿಕ್ಕಿಲ್ರಿ. ಗುರುಮಠಕಲ್ ಗುಡ್ಡ ನಾ ಈ ವರ್ಷ ಹತ್ತೇ ಇಲ್ಲ. ನನಗ ಕೊಟ್ಟಾರ. ನಿಂದೇ ಅಂತ ಹೇಳಿ ಮೇಜಿನ ಮ್ಯಾಲ ಇಡು, ಬ್ಯಾರೆ ಯಾರಿಗೂ ಹೇಳಬ್ಯಾಡ ಅಂದ್ರು. ನಾನೂ ಆಸೆಬುರಕ, ಹೂಂ ಅಂದೆ. ಒಂದರ ಸಲ ಗೆಲ್ಲಬೇಕಂತ ಇತ್ತು, ಅಷ್ಟ.”

“ಯಾರು ಕೊಟ್ಟಾರ?”

ಅವನು ಮೊದಲ ಸಾಲಿನ ಕಡೆ ನೋಡಿ ತಲೆ ತಗ್ಗಿಸಿದ.

“ಅಕ್ಕಾರು.”

ಸಂಘಮಿತ್ರಾ ಆ ಮಾತನ್ನು ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಹಣಮಂತಮ್ಮ ಎದ್ದಾಗಿತ್ತು. ಶಾಲನ್ನು ಕುರ್ಚಿಯ ಮೇಲಿಟ್ಟು, ಸೆರಗು ಸರಿಮಾಡಿಕೊಂಡು ನಿಧಾನವಾಗಿ ಮೇಜಿನ ಬಳಿ ಬಂದರು.

“ಅಂವ ಖರೇ ಹೇಳ್ಯಾನ. ನಾನ ಕೊಟ್ಟೀನಿ,” ಎಂದರು.

“ಕಾಕಿ!” ಸಂಘಮಿತ್ರಾ ಕೈಯಲ್ಲಿದ್ದ ಕಲ್ಲನ್ನು ಮುಂದೆ ಚಾಚಿದಳು. “ಇದು ನಿಮ್ಮ ಕೈಗೆ ಹ್ಯಾಂಗ ಬಂತು? ಕಾಕಾ ಮುಂಜಾನಿ ಹೋದವರು ಮನಿಗಿ ಬರಲೇ ಇಲ್ಲ ಅಂತ ಹೇಳಿದ್ರಿ...”

“ಸುಳ್ಳ ಹೇಳಿದ್ದೆ.”

ಪ್ರವೀಣಕುಮಾರ ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಮುಂದೆ ಬರತೊಡಗಿದ.

“ದೀಪ ಹಚ್ಚೂ ಹೊತ್ತಿಗಿ ಬಂದಿದ್ರು,” ಎಂದರು ಹಣಮಂತಮ್ಮ. ಅವರ ಕಣ್ಣಲ್ಲಿ ನೀರಿರಲಿಲ್ಲ. “ಅಂಗಳದಾಗ ಕುಂತು ಒಡದ್ರು. ಸಣ್ಣ ಹುಡುಗರಂಗ ಕುಣದಾಡಿದ್ರು. ‘ಬಾ ಇಲ್ಲಿ, ಹುಳದ ಮಾರಿ ನೋಡು. ಭೂಮಿ ಹುಟ್ಟಿದಾಗಿಂದ ಇದನ್ನ ನೋಡಿದವರು ನಾವಿಬ್ಬರ’ ಅಂದ್ರು. ನಾ ನೋಡಿ, ಒಲಿ ಮ್ಯಾಲ ರೊಟ್ಟಿ ಅದಾವ ಅಂತ ಒಳಗ ಹೋದೆ. ಅಷ್ಟರಾಗ ಹೊರಗ ಗಾಡಿ ನಿಂತ ಸಪ್ಪಳ ಆತು. ಇವರು ಬಾಗಲಕ್ಕ ಹೋಗಿ, ಮಾತಾಡಿ, ಮತ್ತ ಒಳಗ ಬಂದ್ರು. ಒಂದು ಹೋಳು ಚೀಲದಾಗ ಹಾಕ್ಕೊಂಡ್ರು. ಹುಳ ಇದ್ದದ್ದು ನನ್ನ ಕೈಯಾಗ ಕೊಟ್ಟು, ‘ಜ್ವಾಕಿ, ಬಂದು ತೊಳೀತೀನಿ’ ಅಂದ್ರು.”

“ಬಂದವರು ಯಾರಂತ ನೀವು ನೋಡಲಿಲ್ಲೇನ್ರಿ, ಅಮ್ಮಾ?” ಪ್ರವೀಣಕುಮಾರ ಮೇಜಿನ ಹತ್ತಿರ ಬಂದಿದ್ದ.

“ನೋಡಿಲ್ಲ. ಕೇಳಿದೆ. ಇಷ್ಟೊತ್ತಿನಾಗ ಯಾರು ಬಂದಾರ ಅಂತ ಕೇಳಿದೆ.”

ಹಣಮಂತಮ್ಮ ಸಂಘಮಿತ್ರಾಳ ಕಡೆ ತಿರುಗಿದರು. ಮುಂಜಾನೆಯಿಂದ ಆ ಕಣ್ಣುಗಳಲ್ಲಿ ಇದ್ದದ್ದು ಭರವಸೆಯಲ್ಲ ಎಂದು ಅವಳಿಗೆ ಆಗ ಹೊಳೆಯಿತು.

“‘ಸಂಘಮಿತ್ರಾ ಬಂದಾಳ, ಇಲ್ಲೇ ಹೋಗಿ ಬರ್ತೀನಿ’ ಅಂದ್ರು.”

ಯಾರೋ ಉಸಿರೆಳೆದುಕೊಂಡದ್ದು ಕೇಳಿಸಿತು.

“ಪೊಲೀಸರ ಮುಂದ ನಿನ್ನ ಹೆಸರು ಹೇಳಾಕ ನನಗ ಬಾಯಿ ಬರಲಿಲ್ಲ,” ಹಣಮಂತಮ್ಮನ ದನಿ ಮೊದಲ ಸಲ ಒಡೆಯಿತು. “ಮಗಳಂಗ ನಮ್ಮ ಮನ್ಯಾಗ ಉಂಡಾಕಿ ನೀ. ಅದಕ್ಕ ಅವರು ಮನಿಗೇ ಬಂದಿಲ್ಲ ಅಂದೆ. ಚೀಲ ತಂದು ನಿನಗ ಕೊಟ್ಟೆ. ನೀ ಬಂದು ‘ಕಾಕಿ, ಇದರಾಗ ಅರ್ಧ ಕಲ್ಲು ಅದ, ಇನ್ನರ್ಧ ಎಲ್ಲಿ’ ಅಂತ ಒಂದು ಮಾತು ಕೇಳಿದ್ರ ನನ್ನ ಸಂಶೇವ ಅಲ್ಲೇ ಸುಟ್ಟು ಹಾಕ್ತಿದ್ದೆ. ದಿನಾ ಬಾಗಲ ಕಾದೆ. ನೀ ಕೇಳಲಿಲ್ಲ. ಹೋಳು ಮುಚ್ಚಿ ಇಟ್ಟುಕೊಂಡಿ. ಅದಕ್ಕ ಹುಳದ ಹೋಳು ನಿನ್ನ ಮುಂದ ಇಡಿಸಿದೆ, ನೀ ಏನ್ ಮಾಡ್ತಿ ನೋಡಾಕ.”

“ಕಾಕಿ, ಇನ್ನೊಂದು ಹೋಳು ಕೊಂದವನ ಕೈಯಾಗ ಅದ ಅಂತ ತಿಳಕೊಂಡಿದ್ದೆ. ಬಾಯಿಬಿಟ್ರ ಅಂವ ಹುಷಾರ್ ಆಗ್ತಾನ ಅಂತ ಸುಮ್ಮನಿದ್ದೆ. ನಿಮ್ಮ ಮನ್ಯಾಗ ಇರಬಹುದು ಅಂತ ನನ್ನ ತಲಿಗೇ ಬರಲಿಲ್ಲ!”

“ಹಂಗಾರ ಅವರು ನಿನ್ನ ಹೆಸರು ಯಾಕ ಹೇಳಿದ್ರು?”

ಬಸವಂತ್ರಾಯರು ಹೆಂಡತಿಯ ಹತ್ತಿರ ಸುಳ್ಳಾಡುವವರಲ್ಲ. ಹಣಮಂತಮ್ಮ ಗಂಡನ ಕಡೆಯ ಮಾತನ್ನು ತಿರುಚುವವರೂ ಅಲ್ಲ. ಆದರೆ ಆ ಸಂಜೆ ತಾನು ಆ ಬಾಗಿಲಿಗೆ ಹೋಗಿರಲಿಲ್ಲ. ಅದೂ ಅಷ್ಟೇ ನಿಜ. ಅಂದರೆ ಸಂಘಮಿತ್ರಾ ಗಾಡಿಯಲ್ಲಿದ್ದಾಳೆ ಎಂದು ಬಾಗಿಲಲ್ಲಿ ಯಾರೋ ಅವರಿಗೆ ಹೇಳಿರಬೇಕು.

“ಕಾಕಿ, ನಾ ಬಂದಿಲ್ಲ. ನಮ್ಮವ್ವನ ಆಣಿ.”

ಗುಂಪು ಮೆಲ್ಲಗೆ ಹಿಂದೆ ಸರಿದಿತ್ತು. ಸಂಗಮನಾಥನ ಮುಖಕ್ಕೆ ರಕ್ತ ಮರಳಿತ್ತು. ತೌಹೀದ ಅವಳ ಕಡೆ ನೋಡಲಾರದೆ ಕ್ಯಾಮೆರಾದ ಪಟ್ಟಿ ತಿರುವುತ್ತಿದ್ದ.

“ಆಣಿ ಇರಲಿ, ಮೇಡಂ,” ಎಂದ ಪ್ರವೀಣಕುಮಾರ. ಅವಳು ಕರೆದಾಗ ಉದಾಸೀನದಿಂದ ನಕ್ಕಿದ್ದ ಮನುಷ್ಯನ ದನಿ ಈಗ ಬೇರೆಯಾಗಿತ್ತು. “ಮೊದಲು ಆ ಕಲ್ಲು ಮೇಜಿನ ಮ್ಯಾಲ ಇಡ್ರಿ. ಆ ಭಾನುವಾರ ಸಂಜಿ ನೀವು ಎಲ್ಲಿದ್ರಿ?”

ಸಂಘಮಿತ್ರಾ ಎರಡೂ ಹೋಳುಗಳನ್ನು ಮೇಜಿನ ಮೇಲಿಟ್ಟಳು. ಈ ಪ್ರಶ್ನೆಗಾದರೂ ಉತ್ತರವಿತ್ತು. ಯಾರೂ ಅಲ್ಲಗಳೆಯಲಾಗದ ಉತ್ತರ.

“ಸುರಪುರದಾಗ ಇದ್ದೆ, ಸರ್. ಮಧ್ಯಾಹ್ನದಾಗ ಹೋದಾಕಿ ರಾತ್ರಿ ಊಟ ಆಗೂತನ ಶಿವರಂಜನಿ ಮನ್ಯಾಗ ಇದ್ದೆ. ಇಬ್ಬರೂ ಕೂಡಿ ಕಪ್ಪೆಚಿಪ್ಪಿನ ಕಲ್ಲು ತೊಳದ್ವಿ. ಬೇಕಾರ ಆಕಿಗೇ ಕೇಳ್ರಿ.”

ಎಲ್ಲರ ಕಣ್ಣೂ ಶಿವರಂಜನಿಯ ಕಡೆ ಹೊರಳಿದವು.

ಶಿವರಂಜನಿ ಪೆನ್ನಿನ ಮುಚ್ಚಳ ಹಾಕಿದಳು. ಎದ್ದು ನಿಂತು, ಮೊದಲು ಹಣಮಂತಮ್ಮನನ್ನು ನೋಡಿದಳು, ಆಮೇಲೆ ಸಬ್ ಇನ್‌ಸ್ಪೆಕ್ಟರನ್ನು. ಸಂಘಮಿತ್ರಾಳ ಮುಖ ಮಾತ್ರ ನೋಡಲಿಲ್ಲ.

“ಹೇಳವಾ,” ಎಂದಳು ಸಂಘಮಿತ್ರಾ.

“ಏನ್ ಹೇಳಲಿ ಅಕ್ಕಾ?” ಅವಳ ದನಿಯಲ್ಲಿ ಮರುಕವಿತ್ತು. ಎಂಥವರೂ ನಂಬುವಂಥ ಮರುಕ. “ಆವತ್ತು ನೀವು ನಮ್ಮ ಮನಿಗಿ ಬಂದೇ ಇಲ್ಲಲ್ಲ.”